ಅರ್ಚಕನ ಉಡುಪಿಗೆ ಬೀಗ

ಮೊಮ್ಮಕ್ಕಳೇ, ಆ ಶುಕ್ರವಾರ ಗಲ್ಫಿನಲ್ಲಿ, ಗುದೈಬಿಯಾದ ನಿಮ್ಮ ಮನೆಯಲ್ಲಿ ನಾನೇಕೆ ಸ್ವರ ಏರಿಸಿದೆ ಎಂದು ಕೇಳಿದಿರಿ. ಇನ್ನೊಮ್ಮೆ ಬಾಯಲ್ಲಿ ಹೇಳಲು ನನಗೆ ಸಂಕೋಚ, ಬರೆದೇ ಹೇಳುತ್ತೇನೆ.

ನಿಮ್ಮಲ್ಲಿ ದೊಡ್ಡವಳು ಶಾಲೆಗಾಗಿ ರೋಮನ್ನರ ಪಾಠ ಬರೆಯುತ್ತಿದ್ದಳು. ಎರಡು ಸಾವಿರ ವರ್ಷಗಳ ಹಿಂದೆ ಯೆಹೂದಿಗಳ ನಾಡನ್ನು ರೋಮ್ ತನ್ನ ಕೈಗೆ ತೆಗೆದುಕೊಂಡು, ಕಂದಾಯಕ್ಕಾಗಿ ಜನರನ್ನೂ ಆಸ್ತಿಯನ್ನೂ ಲೆಕ್ಕ ಹಾಕಿತಂತೆ. 'ದೇವರೊಬ್ಬನೇ ನಮಗೆ ಒಡೆಯ' ಎಂದು ಕೆಲವರು ತಿರುಗಿಬಿದ್ದರಂತೆ. ದೇವಾಲಯದ ಮುಖ್ಯ ಅರ್ಚಕ ಹಬ್ಬಕ್ಕೆ ಉಡುವ ಬಟ್ಟೆಯನ್ನೂ ರೋಮನ್ನರು ಕೋಟೆಯೊಳಗೆ ಬೀಗ ಹಾಕಿಟ್ಟು, ಹಬ್ಬ ಬಂದಾಗ ಮಾತ್ರ ಕೊಡುತ್ತಿದ್ದರಂತೆ.

"ಬಟ್ಟೆಗೆಂತ ಬೀಗ ಅಜ್ಜಿ, ಸಿಲ್ಲಿ ಅಲ್ವಾ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ನಮ್ಮೂರ ದೈವದ ಭಂಡಾರ, ಅಂದರೆ ಕತ್ತಿ, ಗಂಟೆ, ಬೆಳ್ಳಿಯ ಮೊಗ, ಇರುತ್ತಿದ್ದುದು ಜಮೀನಿನ ಒಡೆಯರಾದ ಧನಿಗಳ ಮನೆಯಲ್ಲಿ. ದೈವ ಮೈಮೇಲೆ ಬಂದು ಕುಣಿಯುವ ಕೋಲದ ದಿನ ಅವರು ಬಾಗಿಲು ತೆರೆದರಷ್ಟೇ ದೈವಕ್ಕೆ ಕೋಲ. ನಮ್ಮಂಥ ಒಕ್ಕಲುಗಳು ಉಳುವ ಭೂಮಿ ತಮಗೇ ಆಗಲೆಂದು ಸರಕಾರಕ್ಕೆ ಅರ್ಜಿ ಹಾಕಿದ ವರ್ಷ ಧನಿಗಳು ಬಾಗಿಲು ತೆರೆಯಲಿಲ್ಲ. ಗೇಣಿಯ ಭತ್ತ ಅಳೆದುಕೊಂಡು ಹೋದಾಗಲೆಲ್ಲ ಸುಮ್ಮನಿದ್ದ ನನ್ನ ಅಪ್ಪ, ಅಂದು ಹತ್ತು ಜನರೊಂದಿಗೆ ಅವರ ಅಂಗಳಕ್ಕೆ ಹೋಗಿ ನಿಂತರು. ಕೈಯಲ್ಲಿ ದೈವಕ್ಕೆ ಅರ್ಪಿಸುವ ಅಡಿಕೆಯ ಹೂ, ಹಿಂಗಾರ ಬಿಟ್ಟು ಬೇರೇನೂ ಇರಲಿಲ್ಲ. 'ಭಂಡಾರ ಕದಿಯಲು ಬಂದರು' ಎಂದು ಪೊಲೀಸರಿಗೆ ದೂರು ಹೋಯಿತು. ಮರುದಿನದಿಂದ ಶಾಲೆಯಲ್ಲಿ ನಾನು ಕಳ್ಳನ ಮಗಳು. ನಾನು ಬಾಯಿ ಬಿಡಲಿಲ್ಲ. ಹಾಗೆ ಕರೆದವರ ಮೇಲೆ ಎಷ್ಟು ಸಿಟ್ಟಿದೆಯೋ, ಅಷ್ಟೇ ಸಿಟ್ಟು ನನ್ನ ಆ ಮೌನದ ಮೇಲೂ ಇದೆ.

ಅಷ್ಟರಲ್ಲಿ ನಿಮ್ಮಪ್ಪ ಟ್ಯೂಷನ್ ನೋಟ್ಸ್ ನೋಡಿ, "ಇಷ್ಟುದ್ದ ಯಾಕೆ? ತಿರುಗಿಬಿದ್ದವರು ದರೋಡೆಕೋರರು ಅಂತ ಬರಿ, ಮಾರ್ಕ್ಸ್ ಸಿಗ್ತದೆ" ಎಂದ.

"ಬರೀಬೇಡ!" ಎಂದೆ. ಕೈಯಲ್ಲಿದ್ದ ಲೋಟ ಮೇಜಿಗೆ ಬಡಿದು ಚಹಾ ಚೆಲ್ಲಿತು.

"ಅಮ್ಮಾ, ನಿಮಗೆಂತ ಗೊತ್ತುಂಟು ರೋಮಿನ ವಿಷಯ?"

"ರೋಮ್ ಗೊತ್ತಿಲ್ಲ ಮಾರಾಯ. ಬೀಗ ಗೊತ್ತುಂಟು. ನಿನ್ನ ಅಜ್ಜನನ್ನೂ ಹೀಗೇ ಕರೆದದ್ದು."

ಎಲ್ಲವನ್ನೂ ಹೇಳಿದೆ. ಅವನೂ ಅದನ್ನು ಕೇಳಿದ್ದು ಅದೇ ಮೊದಲ ಸಲ.

"ಆದ್ರೆ ಅಜ್ಜಿ," ಎಂದಳು ದೊಡ್ಡವಳು, "ಆಮೇಲೆ ರೋಮಿಗೆ ತಿರುಗಿಬಿದ್ದ ಇವರಲ್ಲೇ ಕೆಲವರು ಬಟ್ಟೆಯೊಳಗೆ ಚೂರಿ ಇಟ್ಕೊಂಡು ತಮ್ಮವರನ್ನೇ ಕೊಂದ್ರಂತೆ."

"ಕೊಂದವರನ್ನು ಕೊಲೆಗಾರರು ಅಂತ್ಲೇ ಬರಿ. ಬೀಗ ಹಾಕಿದ್ದು ಯಾರು, ಅದನ್ನು ಮೊದಲು ಬರಿ."

ಬರೆದಳು. ಎರಡು ಮಾರ್ಕು ಕಡಿಮೆ ಬಂತು. ಆ ಹಾಳೆಗೆ ಸಹಿ ಹಾಕುತ್ತಾ ನಿಮ್ಮಪ್ಪ ಕೇಳಿದ, "ಮತ್ತೆ ಆ ಧನಿಗಳು ಬಾಗಿಲು ತೆಗೆದ್ರಾ?"

"ಆ ವರ್ಷ ತೆಗೀಲಿಲ್ಲ," ಎಂದೆ.