ಗ್ರ್ಯಾಂಡ್‌ಮಾಸ್ಟರ್ ಬಿಟ್ಟುಕೊಟ್ಟ ಆಟ

ನನ್ನ ಹೆಂಡತಿ ಆ ನಡೆಯನ್ನು ಮೊದಲೇ ಕಂಡಿದ್ದಳೋ, ಅದು ಬರೀ ಅದೃಷ್ಟವೋ, ಈಗಲೂ ಖಚಿತವಿಲ್ಲ. ಕೋಗಿಲು ಬಡಾವಣೆಯ ನಮ್ಮ ಮನೆಯಲ್ಲಿ ಭಾನುವಾರ, ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಸೋಲೊಪ್ಪಿಕೊಂಡ ಆಟದ ಕೊನೆಯ ಸ್ಥಿತಿಯನ್ನು ಚೆಸ್ ಬೋರ್ಡ್ ಮೇಲೆ ಜೋಡಿಸಿ ಅವರ ತಪ್ಪುಗಳನ್ನು ವಿವರಿಸುತ್ತಿದ್ದೆ. ಹಬ್ಬಕ್ಕೆ ಧಾರವಾಡದ ತವರಿಗೆ ಹೋಗಲೇಬೇಕೆಂದು ಹಟ ಹಿಡಿದಿದ್ದ ಅವಳು ಸೋತವರ ಕಡೆ ಬಂದು ಕೂತಳು.

"ಅವ್ರು ಸೋತೀನಿ ಅಂದ್ರ ನಾ ಯಾಕ ಸೋಲಬೇಕ್ರೀ? ಆಟ ಉಳಿಸಿದ್ರ ಊರಿಗೆ ಹೋಗೂಣು."

"ಉಳಿಸು ನೋಡೋಣ ಕಣೇ," ಎಂದು ನಕ್ಕೆ.

ಅವಳು ಆನೆಯನ್ನೇ ಮುಂದಿಟ್ಟಳು. ಆಸೆಯಿಂದ ಹೊಡೆದೆ. ಅವಳ ರಾಜನಿಗೆ ಚೆಕ್ ಇರಲಿಲ್ಲ, ಆದರೆ ಆಡಲು ಒಂದು ನಡೆಯೂ ಉಳಿದಿರಲಿಲ್ಲ. ನಿಯಮದಂತೆ ಡ್ರಾ.

ಯಶವಂತಪುರದಲ್ಲಿ ಧಾರವಾಡದ ರೈಲು ಹತ್ತಿದ ಮೇಲೆ ಆ ಸ್ಥಿತಿಯನ್ನು ಮೊಬೈಲಿನ ಚೆಸ್ ಆ್ಯಪ್‌ನಲ್ಲಿ ಪರೀಕ್ಷಿಸಿದೆ. ನಾನು ಆನೆಯನ್ನು ಹೊಡೆಯದೆ ಬಿಟ್ಟಿದ್ದರೂ ಆಟ ಡ್ರಾ ಆಗುತ್ತಿತ್ತು.