ಡೈರಿ ಗೋಡೆಯ ಮೇಲೆ ‘ವೆಜಿಟೇಟ್’

ಗೆಳೆಯರೇ, ನಮ್ಮೂರು ಶೀಳನೆರೆಯ ಸೋಮಾರಿ ಯುವಕರನ್ನು ಎಚ್ಚರಿಸಲೆಂದು ಇವತ್ತು ಬೆಳಿಗ್ಗೆ ಹಾಲಿನ ಡೈರಿ ಗೋಡೆಗೆ ಪೋಸ್ಟರ್ ಅಂಟಿಸಿದೆ: ‘ವೆಜಿಟೇಟ್ ಮಾಡುವುದನ್ನು ನಿಲ್ಲಿಸಿ!’

ಹಾಲು ಹಾಕಲು ಸಾಲಿನಲ್ಲಿ ನಿಂತಿದ್ದ ನಿಂಗಮ್ಮಜ್ಜಿ ಕೇಳಿದರು, “ಅಂಗಂದ್ರೆ ಏನ್ಲಾ?”

ಫೋನಿನಲ್ಲಿ ನಿಘಂಟು ತೆರೆದು ಗಟ್ಟಿಯಾಗಿ ಓದಿದೆ. “ಒಂದು, ಗಿಡದಂತೆ ಬೆಳೆಯುವುದು. ಎರಡು, ಏನೂ ಮಾಡದೆ ಬಿದ್ದಿರುವುದು.”

“ಎರಡೂ ಒಂದೇನಾ? ಅದನ್ನ ಬರೆದೋನು ಗದ್ದೆ ಕಂಡೋನಲ್ಲ ಬುಡು. ನಮ್ಮ ಹಿತ್ಲಲ್ಲಿರೋ ಅವರೆ ಬಳ್ಳಿ ಚಪ್ಪರಕ್ಕೆಲ್ಲಾ ಅಬ್ಕೊಂಡದೆ, ಹೂವಾನೂ ಬುಟ್ಟದೆ. ಬೆಳಗ್ಗಿಂದ ನೀನೇನ್ಲಾ ಮಾಡ್ದೆ?”

“ಪೋಸ್ಟರ್ ಅಂಟಿಸಿದೆ ಕಣಜ್ಜಿ.”

“ಅಂಟು ಕಾಯ್ಸಿದ್ದು ಯಾರ್ಲಾ?”

ಸಾಲಿನ ಕೊನೆಯಿಂದ ನಮ್ಮವ್ವನ ದನಿ ಬಂತು. “ನಾನೇ ಕಣತ್ತೆ. ಮೈದಾ ಕಾಯ್ಸ್‌ಕೊಟ್ಟೆ, ಹಾಲು ಕರ್ದೆ. ಇವ್ನು ತರಬೇಕಿದ್ದ ಕ್ಯಾನೂ ನಾನೇ ಹೊತ್ಕೊಂಡು ಬಂದೆ.”

ಇಡೀ ಸಾಲು ನಕ್ಕಿತು. ನಾನು ಎಚ್ಚರಿಸಲು ಹೊರಟಿದ್ದ ಯುವಕರೂ ಅಲ್ಲೇ ನಿಂತು ನಗುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ತುಂಬಿದ ಕ್ಯಾನು.

ಪೋಸ್ಟರ್ ಕಿತ್ತಿಲ್ಲ. ಹೋರಾಟದಲ್ಲಿ ಹಿಂದೆ ಸರಿಯುವ ಮಾತೇ ಇಲ್ಲ. ಮೊದಲ ಹಂತ ನಾಳೆ ಬೆಳಗಿನ ಐದಕ್ಕೆ, ನಮ್ಮ ಕೊಟ್ಟಿಗೆಯಲ್ಲಿ, ಸಗಣಿ ಬಾಚುವುದರೊಂದಿಗೆ ಆರಂಭವಾಗುತ್ತದೆ. ದಿನ, ಗಂಟೆ ಎಲ್ಲವನ್ನೂ ಅವ್ವನೇ ನಿಗದಿ ಮಾಡಿದ್ದಾಳೆ.