ಗಿಡ್ಡ ತೋಳಿನ ಕಿಮೊನೊ

ಅಮೆರಿಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ನಮ್ಮ ಎದುರು ಮನೆಯಾಕೆ ಜಪಾನಿನವರು; ಗಂಡನ ಕಾರು ಕಂಪನಿಯ ಕೆಲಸದ ನಿಮಿತ್ತ ಬಂದವರು. ಹಿಂದೆ ನಮ್ಮೂರಿನಲ್ಲಿ ಶಾಲಾ ಶಿಕ್ಷಕಿಯಾಗಿದ್ದ ನಾನು ಅವರ ಇಂಗ್ಲಿಷನ್ನು ತಿದ್ದುತ್ತಿದ್ದೆ. ಅವರು ನನಗೆ ತಮ್ಮ ನಾಡಿನ ನಿಲುವಂಗಿಯಾದ ಕಿಮೊನೊ ತೊಡಿಸುವ ಕ್ರಮವನ್ನು ಕಲಿಸುತ್ತಿದ್ದರು. ‘ಸೆನ್ಸೈ’, ಅಂದರೆ ಗುರುಗಳೇ, ಎಂದು ಕರೆದು ನನ್ನನ್ನು ರೇಗಿಸುತ್ತಿದ್ದರು.

ನಿಯಮಗಳುಳ್ಳ ಉಡುಗೆಯೆಂದರೆ ನನಗೆ ಗೌರವ. ನೇರ ಪಟ್ಟಿಗಳನ್ನೇ ಜೋಡಿಸಿ ಹೊಲಿದಿರುವುದರಿಂದ ಕಿಮೊನೊವನ್ನು ಬಿಚ್ಚಿ, ಒಗೆದು, ಮತ್ತೆ ಹೊಲಿಯಬಹುದು. ಅವರ ಅಜ್ಜಿ ಅಡುಗೆಮನೆಯಲ್ಲೂ ಕಿಮೊನೊದಲ್ಲೇ ಇರುತ್ತಿದ್ದರಂತೆ. ತಾಯಿಯ ಕಾಲಕ್ಕೆ ಸ್ಕರ್ಟು ಬಂತು. ಇವರು ಕಿಮೊನೊ ತೊಡುವುದು ಮದುವೆಗೆ, ಹೊಸವರ್ಷಕ್ಕೆ ಮಾತ್ರ. ಕಣಕಾಲಿನವರೆಗೆ ಇಳಿಬೀಳುವ ಉದ್ದ ತೋಳು ಅವಿವಾಹಿತೆಯರದು. ಮದುವೆಯಾದವರಿಗೆ ಗಿಡ್ಡ ತೋಳು. ಹಿಂದೆ ಅದೇ ಉಡುಗೆಯ ತೋಳನ್ನು ಕತ್ತರಿಸಿ ಗಿಡ್ಡ ಮಾಡುವುದೂ ಇತ್ತಂತೆ.

ತಾವು ಹರೆಯದಲ್ಲಿ ತೊಟ್ಟಿದ್ದ ಕೆಂಪು ಬಣ್ಣದ, ಉದ್ದ ತೋಳಿನ ಕಿಮೊನೊವನ್ನು ಅವರು ಜೋಪಾನವಾಗಿ ಇಟ್ಟಿದ್ದರು. “ನಿಮ್ಮ ಮಗಳು ಬಂದಾಗ ಇದನ್ನು ತೊಡಿಸೋಣ” ಎಂದು ಹೋದ ವರ್ಷ ಒಮ್ಮೆ ಅವರೇ ಹೇಳಿದ್ದರು. ನನ್ನ ಮಗಳು ಶಾಮ್‌ಬರ್ಗ್‌ನಲ್ಲಿ ಕೆಲಸದಲ್ಲಿದ್ದಳು. ಅವಳಿಗೆ ವರ ನೋಡುತ್ತಿದ್ದೆವು; ಧಾರವಾಡದ ಒಂದು ಮನೆತನ ಹೆಚ್ಚುಕಡಿಮೆ ಒಪ್ಪಿತ್ತು. ಥ್ಯಾಂಕ್ಸ್‌ಗಿವಿಂಗ್ ರಜೆಗೆ, ನವೆಂಬರಿನಲ್ಲಿ, ಅವಳು ಬಂದಾಗ, ಆ ಕೆಂಪು ಉಡುಗೆಯಲ್ಲಿ ಒಂದು ಫೋಟೋ ತೆಗೆದು ಧಾರವಾಡಕ್ಕೆ ಕಳಿಸುವ ಆಸೆಯಿಂದ ಎದುರು ಮನೆಗೆ ಕರೆದೊಯ್ದೆ.

ಅಲ್ಲಿ ನೆಲದ ಮೇಲೆ ಬೂದುಬಣ್ಣದ ಕಿಮೊನೊ ಹರಡಿತ್ತು. ತೋಳು ಗಿಡ್ಡ.

“ಇದಲ್ಲ, ಕೆಂಪಿನದು” ಎಂದೆ.

“ಇದೇ ಇರಲಿ, ಸೆನ್ಸೈ.”

“ಮದುವೆಯಾಗದವರಿಗೆ ಉದ್ದ ತೋಳು ಅಂತ ನೀವೇ ಹೇಳಿಕೊಟ್ಟಿದ್ದು. ಟೀಚರೇ ಪಾಠ ಮರೆತರೆ ಹೇಗೆ?”

ನಾನೊಬ್ಬಳೇ ನಕ್ಕೆ. ಮಗಳು ಕಿಟಕಿಯತ್ತ ತಿರುಗಿದಳು.

“ಅಮ್ಮಾ, ಐ ವಾಸ್ ಗೋಯಿಂಗ್ ಟು ಟೆಲ್ ಯೂ. ವೀ ಗಾಟ್ ಮ್ಯಾರೀಡ್. ಜೂನಲ್ಲಿ, ಕೋರ್ಟ್‌ಹೌಸಲ್ಲಿ.”

“ಯಾರ ಜೊತೆ?”

“ನನ್ನ ಆಫೀಸಿನವನು. ನಿಂಗೊತ್ತಿಲ್ಲ.”

ನಾನು ಎದುರು ಮನೆಯಾಕೆಯ ಕಡೆ ನೋಡಿದೆ. “ನಿಮಗೆ ಗೊತ್ತಿತ್ತೇ?”

“ಜುಲೈಯಲ್ಲಿ ಬಂದಾಗ ಹೇಳಿದಳು. ಯಾರಿಗೂ ಹೇಳಬೇಡಿ ಅಂದಳು, ಹೇಳಲಿಲ್ಲ. ಆದರೆ ಉದ್ದ ತೋಳನ್ನು ನನ್ನ ಕೈಯಾರೆ ತೊಡಿಸಲಾರೆ.”

ಎಲೆ ಉದುರುವ ಕಾಲವಿಡೀ ಅವರು ನನ್ನ ಊಟದ ಮೇಜಿನಲ್ಲಿ ಚಪಾತಿ ತಿನ್ನುತ್ತ, ಧಾರವಾಡದ ಹುಡುಗನ ವರ್ಣನೆಗೆ ತಲೆಯಾಡಿಸಿದ್ದರು. ಅವನ ಎತ್ತರವೆಷ್ಟೆಂದು ವಿಚಾರಿಸಿಯೂ ಇದ್ದರು! ಒಂದು ಬಟ್ಟೆಯ ವಿಷಯದಲ್ಲಿ ಸುಳ್ಳಾಡಲಾರದವರು, ನನ್ನ ಮುಂದೆ ಅಷ್ಟು ದಿನ ಸಲೀಸಾಗಿ ಕುಳಿತಿದ್ದರು. ಮಗಳ ಮೇಲಿನ ಕೋಪಕ್ಕಿಂತ ಇದೇ ಹೆಚ್ಚು ಚುಚ್ಚಿತು.

ಅವರು ಮಗಳಿಗೆ ಬೂದು ಕಿಮೊನೊ ತೊಡಿಸಿದರು. ನಾನು ತಡೆಯಲಿಲ್ಲ. ಸೊಂಟಕ್ಕೆ ಸುತ್ತುವ ಅಗಲ ಪಟ್ಟಿಯನ್ನು ಎತ್ತಿಕೊಂಡಾಗ ಮಾತ್ರ ಅದನ್ನು ಅವರ ಕೈಯಿಂದ ತೆಗೆದುಕೊಂಡೆ. ಕನ್ಯೆಯರಿಗೆ ಚಿಟ್ಟೆಯಂತೆ ಅರಳುವ ಗಂಟು. ಗೃಹಿಣಿಯರಿಗೆ ಬೆನ್ನ ಮೇಲೆ ಚಪ್ಪಟೆಯಾಗಿ ಕೂರುವ ಚೌಕ ಗಂಟು. ಎರಡನ್ನೂ ಕಲಿತಿದ್ದೆ. ಚೌಕ ಗಂಟನ್ನೇ ಕಟ್ಟಿದೆ.

“ಅಮ್ಮಾ, ಟೂ ಟೈಟ್.”

“ಹಾಗೇ ಕಟ್ಟಬೇಕು” ಎಂದೆ.

“ತುಂಬ ಚೆನ್ನಾಗಿ ಬಂದಿದೆ, ಸೆನ್ಸೈ” ಎಂದರು ಅವರು. ನಾನು ಚಪ್ಪಲಿ ಮೆಟ್ಟಿ, ಕ್ಯಾಮೆರಾವನ್ನು ಚೀಲದಿಂದ ತೆಗೆಯದೆಯೇ ರಸ್ತೆ ದಾಟಿ ಮನೆಗೆ ಬಂದೆ.